ಮೇಲಿನ ಐದು ಕೋಲು

ತನುಶ್ರೀ ಬರುವ ದಿನ ಶಿವನಂಜಪ್ಪನವರು ಬೆಳಿಗ್ಗೆ ಏಳಕ್ಕೇ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಹಜಾರದಲ್ಲಿ ಕೂತಿದ್ದರು. ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷದಲ್ಲಿ ಅವರ ಕೆಲಸದ ಬಗ್ಗೆ ಕೇಳಲೆಂದು ಚೆನ್ನೈನ ಕೀಲ್ಪಾಕಿನ ಆ ಮನೆಗೆ ಯಾರೂ ಬಂದಿರಲಿಲ್ಲ.

"ಹುಡುಗಿ ಮೈಸೂರೋಳಂತೆ," ಎಂದು ಹೆಂಡತಿ ಸುಗುಣಾಗೆ ಎರಡು ಸಲ ಹೇಳಿದರು. "ಹಿಮನದಿ ಮೇಲೇ ಕೆಲಸವಂತೆ. ಫೋನಲ್ಲಿ ಕನ್ನಡದಲ್ಲೇ ಮಾತಾಡಿದ್ಲು."

"ಆಗ್ಲಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಅವಳು ಬರೋ ಹೊತ್ತಿಗೆ ಅಂಗಿ ಒದ್ದೆ ಆಗಿರುತ್ತೆ," ಎಂದರು ಸುಗುಣಾ.

ಗುಂಡ್ಲುಪೇಟೆ ಕಡೆಯವರಾದ ಶಿವನಂಜಪ್ಪ ಸರ್ವೆ ಕೆಲಸಕ್ಕೆ ಸೇರಿ ಚೆನ್ನೈಗೆ ಬಂದಾಗ ಹಿಮವನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ನೋಡಿದ್ದರು. ಆಮೇಲೆ ಕಚೇರಿಯವರು ಅವರನ್ನು ಹನ್ನೊಂದು ಬೇಸಿಗೆ ಒಂದೇ ಸಮನೆ ಹಿಮಾಚಲದ ಟೋಕ್ಲಾ ಹಿಮನದಿಗೆ ಕಳಿಸಿದರು. ಅಲ್ಲಿ ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ಮಂಜುಗಡ್ಡೆಯೊಳಗೆ ಆಳವಾಗಿ ಬಿದಿರಿನ ಕೋಲು ಇಳಿಸಿ, ಜುಲೈನಲ್ಲಿ ಅದು ಎಷ್ಟು ಹೊರಗೆ ಕಾಣುತ್ತದೆ ಎಂದು ಅಳೆಯಬೇಕು. ಸೆಪ್ಟೆಂಬರಿನಲ್ಲಿ ಹೊಸ ಹಿಮ ಬೀಳುವ ಮೊದಲು ಮತ್ತೆ ಅಳೆಯಬೇಕು. ನಡುವೆ ಮಂಜುಗಡ್ಡೆ ಎಷ್ಟು ಕರಗಿದೆಯೋ ಕೋಲು ಅಷ್ಟು ಹೆಚ್ಚು ಹೊರಗೆ ಬಂದಿರುತ್ತದೆ. ಹಿಮನದಿ ಕೊನೆಯಾಗುವ ಕೆಳಗಿನ ಮೂತಿಯಿಂದ ಮೇಲಿನ ಬಯಲಿನವರೆಗೆ ಅಂಥ ಹದಿನೈದು ಕೋಲು. ಅವರು ಬದುಕಿನಲ್ಲಿ ಮಾಡಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಈ ಹದಿನೈದು ಕೋಲು ಅಳೆದದ್ದು ಎಂದೇ ಅವರು ಹೇಳುತ್ತಿದ್ದರು.

ತನುಶ್ರೀಗೆ ಮೂವತ್ತರ ಆಸುಪಾಸು. ಸುಗುಣಾ ಕೊಟ್ಟ ಕಾಫಿ ಕುಡಿದು, ಉಭಯಕುಶಲೋಪರಿ ಮುಗಿಸಿ, ಲ್ಯಾಪ್‌ಟಾಪ್ ತೆರೆದಳು.

"ಅಂಕಲ್, ನಿಮ್ಮ ಹನ್ನೊಂದು ವರ್ಷದ ರೀಡಿಂಗ್ ಇಲ್ದಿದ್ರೆ ನಮ್ಮ ಪ್ರಾಜೆಕ್ಟೇ ಇಲ್ಲ. ಆ ಕಾಲದ್ದು ಬೇರೆ ಯಾರ ಹತ್ರಾನೂ ಇಲ್ಲ. ಈಗ ಸ್ಯಾಟಲೈಟ್ ಇದೆ, ಡ್ರೋನ್ ಇದೆ. ಆದ್ರೆ ಆಗ ಎಷ್ಟು ಕರಗ್ತಿತ್ತು ಅಂತ ಗೊತ್ತಿಲ್ದೆ ಈಗ ಎಷ್ಟು ಜಾಸ್ತಿ ಆಗಿದೆ ಅಂತ ಹೇಗೆ ಹೇಳೋದು?"

ಶಿವನಂಜಪ್ಪನವರಿಗೆ ಎದೆ ತುಂಬಿ ಬಂತು. ಸುಗುಣಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಒಂದೇ ಒಂದು ಡೌಟ್ ಇದೆ," ಎಂದಳು ತನುಶ್ರೀ. "ತೊಂಬತ್ನಾಲ್ಕನೇ ಇಸವಿದು."

ಶಿವನಂಜಪ್ಪನವರು ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟರು.

ಅವಳು ತೆರೆಯ ಮೇಲಿನ ಗೆರೆ ತೋರಿಸಿದಳು. ಹಿಮನದಿಯಲ್ಲಿ ಮೇಲೆ ಹೋದಷ್ಟೂ ಚಳಿ ಹೆಚ್ಚು, ಕರಗುವುದು ಕಡಿಮೆ. ಉಳಿದ ಹತ್ತು ವರ್ಷದ ಗೆರೆಗಳೂ ಮೆಟ್ಟಿಲಿನಂತೆ ಒಂದೊಂದೇ ಹೆಜ್ಜೆ ಇಳಿಯುತ್ತಿದ್ದವು. ತೊಂಬತ್ನಾಲ್ಕರದ್ದೂ ಹತ್ತನೇ ಕೋಲಿನವರೆಗೆ ಹಾಗೇ ಇತ್ತು. ಹನ್ನೊಂದರಿಂದ ಅದು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಆಡುತ್ತಿತ್ತು.

"ಹನ್ನೆರಡನೇ ಕೋಲಲ್ಲಿ ಎಪ್ಪತ್ತಾರು ಸೆಂಟಿಮೀಟರ್ ಕರಗಿದೆ. ಅದಕ್ಕಿಂತ ಮೇಲಿರೋ ಹದಿಮೂರರಲ್ಲಿ ನೂರಾ ಇಪ್ಪತ್ತೊಂದು. ಹಾಗಾಗೋಕೆ ಸಾಧ್ಯ ಇಲ್ಲ ಅಂಕಲ್. ನಮ್ಮ ಪೇಪರ್ ಪರಿಶೀಲನೆ ಮಾಡಿದವರು ಕೇಳ್ತಿದ್ದಾರೆ. ಅಳತೆ ತಪ್ಪಾಗಿರ್ಬೇಕು, ಇಲ್ಲಾ…"

"ಇಲ್ಲಾ ಕೂತಲ್ಲೇ ಬರೆದಿರ್ಬೇಕು," ಎಂದು ಶಿವನಂಜಪ್ಪನವರೇ ಮುಗಿಸಿದರು.

ತನುಶ್ರೀ ತಲೆ ತಗ್ಗಿಸಿದಳು. "ನಾನು ಹಾಗೆ ಅಂತಿಲ್ಲ. ಆದ್ರೆ ಒಂದು ವರ್ಷದ್ದು ಕಲ್ಪಿತ ಅಂತಾದ್ರೆ ಉಳಿದ ಹತ್ತು ವರ್ಷದ್ದೂ ನಂಬೋಕಾಗಲ್ಲ, ಎಲ್ಲಾ ಬಿಡಿ ಅಂತಾರೆ."

"ಎರಡು ದಿನ ಟೈಮ್ ಕೊಡವ್ವ," ಎಂದರು ಅವರು.

ಅವಳು ಹೋದ ಮೇಲೆ ಸುಗುಣಾ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತರು. "ಏನಾಯ್ತು ಹೇಳಿ. ಮುಖ ಬಿಳಿಚ್ಕೊಂಡು ಹೋಗಿದೆ."

ಮೂವತ್ತೊಂದು ವರ್ಷ ಯಾರಿಗೂ ಹೇಳದ್ದನ್ನು ಶಿವನಂಜಪ್ಪನವರು ಅವತ್ತು ಹೆಂಡತಿಗೆ ಹೇಳಿದರು.

"ಆ ಐದು ಕೋಲು ಅಳೆದದ್ದು ನಾನಲ್ಲ ಕಣೆ. ಶೀನ."

ಶೀನ ಯಾರೆಂದು ಸುಗುಣಾಗೆ ನೆನಪಿತ್ತು. ಮೈಲಾಪೂರಿನ ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಕುಂದಾಪುರದ ಹುಡುಗ. ಬೆಟ್ಟದ ಮೇಲಿನ ಡಬ್ಬಿ ಊಟ ಒಗ್ಗದೆ ಹೊಟ್ಟೆ ಕೆಡಿಸಿಕೊಂಡಿದ್ದ ಶಿವನಂಜಪ್ಪನವರು ಅವನನ್ನು ಒಪ್ಪಿಸಿ ಮೂರು ಬೇಸಿಗೆ ಟೋಕ್ಲಾಕ್ಕೆ ಕರೆದುಕೊಂಡು ಹೋಗಿದ್ದರು. ಅಡುಗೆ ಮುಗಿದ ಮೇಲೆ ಅವನು ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದ.

ತೊಂಬತ್ನಾಲ್ಕರ ಸೆಪ್ಟೆಂಬರಿನಲ್ಲಿ ಹತ್ತನೇ ಕೋಲು ಅಳೆಯುವಾಗ ಶಿವನಂಜಪ್ಪನವರ ಕಪ್ಪು ಕನ್ನಡಕ ಜಾರಿ ಮಂಜುಗಡ್ಡೆಯ ಬಿರುಕಿನೊಳಗೆ ಬಿತ್ತು. ಡೇರೆಗೆ ಮರಳುವ ಹಾದಿಯನ್ನು ಅವರು ಬರಿಗಣ್ಣಿನಲ್ಲೇ ನಡೆದರು. ಮರುದಿನ ಬೆಳಿಗ್ಗೆ ಕಣ್ಣಿಗೆ ಮರಳು ತುಂಬಿದಂತಾಗಿ, ರೆಪ್ಪೆ ತೆರೆಯಲಾಗದೆ ನೀರು ಸುರಿಯುತ್ತಿತ್ತು. ಹಿಮದ ಬೆಳಕು ಕಣ್ಣು ಸುಟ್ಟಿತ್ತು. ಜೊತೆಗಿದ್ದ ಕಿರಿಯ ಸರ್ವೇಯರ್ ಪ್ರವೀಣ್‌ಗೆ ಜ್ವರ ಬಂದು, ಕೂಲಿಗಳು ಅವನನ್ನು ಎರಡು ದಿನದ ಹಿಂದೆಯೇ ಕೆಳಗೆ ಕರೆದೊಯ್ದಿದ್ದರು. ಮೋಡ ಕವಿಯುತ್ತಿತ್ತು. ಹಿಮ ಬಿದ್ದರೆ ಮೇಲಿನ ಐದು ಕೋಲಿನ ಆ ವರ್ಷದ ಲೆಕ್ಕ ಮುಗಿದಂತೆಯೇ. ಆಗ ಶೀನ, "ನಾ ಹೋಯ್ ಬತ್ತೆ ಸಾರ್. ದಾರಿಗೆ ಬಾವುಟ ಇತ್ತಲೆ," ಎಂದ.

"ಹೋಗಕೂಡದು ಅಂತ ನಾನು ಹೇಳ್ಬೇಕಿತ್ತು. ಹೇಳಲಿಲ್ಲ," ಎಂದರು ಶಿವನಂಜಪ್ಪ. "ಡೇರೆಯೊಳಗೆ ಕಣ್ಣಿಗೆ ಬಟ್ಟೆ ಕಟ್ಕೊಂಡು ರೇಡಿಯೊ ಕೇಳ್ತಾ ಬಿದ್ದಿದ್ದೆ. ಎಂಟು ಗಂಟೆ ವಾರ್ತೆ ಆದ್ಮೇಲೆ ಹೋದ. ಹನ್ನೊಂದರ ವಾರ್ತೆ ಇನ್ನೂ ಶುರುವಾಗಿರಲಿಲ್ಲ, ಆಗ್ಲೇ ಬಂದುಬುಟ್ಟ. ನನಗೇ ಅಲ್ಲಿಗೆ ಹೋಗಿಬರೋಕೆ ನಾಲ್ಕೂವರೆ ಗಂಟೆ ಬೇಕು ಕಣೆ. ಐದೂ ಬರ್ಕೊಂಡೆ ಸಾರ್ ಅಂದ. ನಾನು ಏನೂ ಕೇಳಲಿಲ್ಲ."

ಕಣ್ಣಿಗೆ ಸೋಂಕು ತಗಲಿ ಅವರು ಮೂರು ವಾರ ಚಂಡೀಗಢದ ಆಸ್ಪತ್ರೆಯಲ್ಲಿದ್ದರು. ಶೀನ ಸಾಮಾನಿನ ಜೊತೆ ಚೆನ್ನೈಗೆ ಮರಳಿ, ಅಳತೆ ಬರೆದಿದ್ದ ತನ್ನ ಪುಸ್ತಕವನ್ನು ಕಚೇರಿಯಲ್ಲಿ ಕೊಟ್ಟ; ಅಲ್ಲಿ ಅದನ್ನು ಟೈಪ್ ಮಾಡಿದರು. ಅಳತೆಯನ್ನು ಸರ್ವೇಯರೇ ಮಾಡಬೇಕೆಂಬುದು ನಿಯಮ. ಚೆನ್ನೈಗೆ ಮರಳಿದ ಶಿವನಂಜಪ್ಪನವರು ಮಂಜು ಮಂಜಾದ ಕಣ್ಣಿನಲ್ಲೇ ಹದಿನೈದೂ ತಾನೇ ಅಳೆದದ್ದೆಂದು ವರದಿಗೆ ಸಹಿ ಹಾಕಿದರು. ಅಚ್ಚಾಗಿ ಬಂದಾಗ ಮೇಲಿನ ಐದು ಅಂಕಿ ನೋಡಿದರು, ನೋಡಿದ ಕ್ಷಣವೇ ಅವರಿಗೆ ಅನ್ನಿಸಿತು: ಇವನು ಹೋಗಿಲ್ಲ. ಯಾವುದೋ ಬಂಡೆಯ ಮರೆಯಲ್ಲಿ ಕೂತು, ತೋಚಿದ್ದು ಬರೆದುಕೊಂಡು ಬಂದಿದ್ದಾನೆ.

"ಅವನನ್ನ ಕೇಳಿದ್ರಾ?"

"ಏನಂತ ಕೇಳ್ಲಿ? ಕೇಳಿದ್ರೆ ನನ್ನ ಸಹಿ ವಿಷ್ಯಾನೂ ಹೊರಗೆ ಬತ್ತಿತ್ತು. ಮುಂದಿನ ವರ್ಷದಿಂದ ಅವನನ್ನ ಕರ್ಕೊಂಡು ಹೋಗಲಿಲ್ಲ, ಅಷ್ಟೇ."

ಸುಗುಣಾ ಹೇಳಿದರು: "ಒಂದು ಮಾತು ಕೇಳ್ದೇನೇ ಅವನನ್ನ ಸುಳ್ಳ ಅಂತ ತೀರ್ಮಾನ ಮಾಡಿದ್ರಿ. ಅವನು ಇದೇ ಊರಲ್ಲಿದ್ದಾನೋ ಇಲ್ವೋ?"

"ಪ್ಯಾರೀಸ್ ಕಾರ್ನರ್ ಹತ್ರ ಸ್ವಂತ ಹೋಟೆಲ್ ಇಟ್ಟಿದ್ದಾನೆ ಅಂತ ಯಾರೋ ಅಂದಿದ್ರು."

"ಹಾಗಿದ್ರೆ ಸೀಕ್ರಂ, ಬೇಗ ಹೋಗಿ ಕೇಳಿ. ಆ ಹುಡುಗೀನೂ ಕರ್ಕೊಂಡು ಹೋಗಿ. ಅವನು ಹೋಗಿರ್ಲಿಲ್ಲ ಅಂದ್ರೆ ಹೋಗಿರ್ಲಿಲ್ಲ. ಈಗ ಪಡ್ತಿರೋದಕ್ಕಿಂತ ಅದೇನೂ ಜಾಸ್ತಿ ಕಷ್ಟ ಅಲ್ಲ."

ಸಂಜೆ ಅವರು ತನುಶ್ರೀಗೆ ಫೋನ್ ಮಾಡಿದರು. ಆ ಐದು ಅಳತೆ ತನ್ನದಲ್ಲ, ಅಡುಗೆಯವನದು, ನಾಳೆ ಅವನನ್ನೇ ಕೇಳಲು ಹೋಗೋಣ ಎಂದರು. ಬಯ್ಯುತ್ತಾಳೆ ಎಂದುಕೊಂಡರು. "ಎಷ್ಟು ಗಂಟೆಗೆ ಹೊರಡೋಣ ಅಂಕಲ್?" ಎಂದಳು.

ಮರುದಿನ ಇಬ್ಬರೂ ಮೆಟ್ರೊ ಹತ್ತಿ, ಸೆಂಟ್ರಲ್‌ನಲ್ಲಿ ಬದಲಿಸಿ, ಹೈಕೋರ್ಟ್ ನಿಲ್ದಾಣದಲ್ಲಿ ಇಳಿದರು. ಮೇಲೆ ಬರುತ್ತಿದ್ದಂತೆ ಆಗಸ್ಟಿನ ಸೆಕೆ ಮುಖಕ್ಕೆ ಹೊಡೆಯಿತು. ಪ್ಲಾಸ್ಟಿಕ್ ಸಾಮಾನಿನ ಮೂಟೆ, ಕೈಗಾಡಿ, ಹಾರ್ನು ಇವೆಲ್ಲದರ ನಡುವೆ ನುಸುಳಿ, ಮೂವರನ್ನು ಕೇಳಿ, ಕೊನೆಗೆ ಒಂದು ಕಿರುಗಲ್ಲಿಯೊಳಗೆ ಆರು ಮೇಜಿನ ಹೋಟೆಲು ಸಿಕ್ಕಿತು. ಹತ್ತೂವರೆ ಗಂಟೆ, ತಿಂಡಿ ಮುಗಿದಿತ್ತು, ಊಟ ಶುರುವಾಗಿರಲಿಲ್ಲ. ಶಿವನಂಜಪ್ಪನವರು ಗಲ್ಲಾದಲ್ಲಿ ಕೂತಿದ್ದ ಹುಡುಗಿಯನ್ನು ಏನು ಕೇಳಬೇಕೋ ತಿಳಿಯದೆ ನಿಂತರು.

ಒಳಗಿನಿಂದ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದ ದಪ್ಪನೆಯ, ತಲೆ ನರೆತ ಮನುಷ್ಯ ಅವರನ್ನು ನೋಡಿ ಗಕ್ಕನೆ ನಿಂತ.

"ಹ್ವಾಯ್! ಶಿವನಂಜಪ್ಪ ಸಾರ್ ಅಲ್ದಾ?"

"ಹೌದು ಶೀನ."

"ಎಂತ ಸಾರ್! ಸತ್ತಿರೋ ಬದ್ಕಿರೋ ಅಂದೇಳಿಯೂ ಗೊತ್ತಿಲ್ಲೆ! ಕೂಕಣಿ, ಕೂಕಣಿ," ಎಂದು ಕುರ್ಚಿ ಎಳೆದುಕೊಟ್ಟ.

"ಯಾರುಪ್ಪಾ ಇವಂಗ?" ಎಂದು ಗಲ್ಲಾದ ಹುಡುಗಿ ತಮಿಳಿನಲ್ಲಿ ಕೇಳಿದಳು.

"ಹಿಮದಲ್ ಇದ್ರ್ ಅಂದೇಳಿ ಹೇಳ್ತಿದ್ನಲೆ, ಅವ್ರೇ. ಇವ್ಳ್ ವೀಕ್ಷಾ ಸಾರ್, ನನ್ ಮಗಳ್. ಕನ್ನಡ ಎಲ್ಲ ಅರ್ಥ ಆತ್ತ್, ಬಾಯಲ್ ಮಾತ್ರ ಬತ್ತಿಲ್ಲೆ."

ವೀಕ್ಷಾ ನಕ್ಕು ಎರಡು ಕಾಫಿಗೆ ಹೇಳಿದಳು. ಶಿವನಂಜಪ್ಪನವರು ಕಾಫಿ ಮುಟ್ಟಲಿಲ್ಲ. ಬರುವಾಗ ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

"ಶೀನ, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ನನಗೆ ಕಣ್ಣು ಹೋಗಿದ್ದ ದಿನ ನೀನು ಮೇಲಿನ ಕೋಲುಗಳ ಹತ್ರ ಹೋಗಿದ್ದೆಯಾ?"

ಶೀನನ ಮುಖದ ನಗು ಹಾಗೇ ಉಳಿದು, ನಿಧಾನವಾಗಿ ಆರಿತು. ಎದುರಿನ ಕುರ್ಚಿಯಲ್ಲಿ ಕೂತ.

"ಅದಕ್ಕಾ ಸಾರ್, ಮುಂದಿನ ವರ್ಷ ನನ್ನ ಕರೀದೇ ಇದ್ದದ್ದ್?"

ಶಿವನಂಜಪ್ಪನವರು ಹೌದೆಂದು ತಲೆಯಾಡಿಸಿದರು.

"ನಾ ಹೋಯಿದ್ದೆ," ಎಂದ ಶೀನ. "ಐದಕ್ಕೂ ಹೋಯಿದ್ದೆ. ಹದಿಮೂರನೇ ಕೋಲಿನ ಬುಡದಲ್ ನೀರ್ ಹರೀತಿತ್ತ್, ಬೂಟ್ ಎಲ್ಲ ಒದ್ದೆ ಆಯ್ತ್. ಹದಿನಾಲ್ಕನೇದ್ ವಾಲಿತ್ತ್. ನೀವು ಹಿಂದಿನ ವರ್ಷ ಹೇಳಿದ್ದ್ರಿ, ವಾಲಿದ್ರೆ ಕೋಲಿನ ಉದ್ದಕ್ಕೇ ಟೇಪ್ ಹಿಡೀಕ್, ನೆಟ್ಟಗೆ ಹಿಡೀಬೇಡ ಅಂದೇಳಿ. ಹಾಂಗೇ ಹಿಡ್ದೆ. ಹದಿನೈದರ ಹತ್ರ ಕೈಯೇ ಮರಗಟ್ಟಿ, ಪೆನ್ಸಿಲ್ ಬಾಯಲ್ ಕಚ್ಚಿ ಬಿಸಿ ಮಾಡ್ಕಂಡ್ ಬರ್ದೆ."

"ಮತ್ತೆ ಮೂರೇ ಗಂಟೇಲಿ ಹೆಂಗೆ ಬಂದೆ?"

ಶೀನ ತಲೆ ಕೆರೆದುಕೊಂಡ. ಮಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಇಳೂವಾಗ ನಡ್ದದ್ದ್ ಯಾರ್ ಸಾರ್? ಅಕ್ಕಿ ಚೀಲ ತಕಂಡ್ ಹೋಯಿದ್ದೆ. ಅದ್ರ ಮೇಲ್ ಕೂತ್ಕಂಡ್ ಜಾರ್ಕಂಡೇ ಬಂದೆ. ನೀವ್ ಬೈತ್ರಿ ಅಂದೇಳಿ ಹೇಳ್ಲಿಲ್ಲೆ."

"ಬಿರುಕುಗಳ ಮೇಲೆ ಅಕ್ಕಿ ಚೀಲದಲ್ಲಿ ಜಾರ್ಕೊಂಡಾ?" ಶಿವನಂಜಪ್ಪನವರು ಮೂವತ್ತೊಂದು ವರ್ಷ ತಡವಾಗಿ ಗದರಿದರು. "ಸತ್ತು ಹೋಗಿದ್ರೆ ನಿಮ್ಮ ಅವ್ವನಿಗೆ ನಾನು ಏನು ಹೇಳ್ಬೇಕಿತ್ತು!"

"ಕಂಡ್ರ್ಯಾ, ಇದಕ್ಕೇ ಹೇಳ್ದೇ ಇದ್ದದ್ದ್!"

ತನುಶ್ರೀ ನಗು ತಡೆದುಕೊಂಡು ಕೇಳಿದಳು: "ಬರೆದ ಪುಸ್ತಕ ಏನಾಯ್ತು? ಆಫೀಸಲ್ಲೇ ಉಳೀತಾ?"

"ಟೈಪ್ ಮಾಡಿ ವಾಪಸ್ ಕೊಟ್ರಲೆ. ನನ್ನ ಅಡುಗೆ ಪುಸ್ತಕ ಅದ್. ಬೆಟ್ಟದ ಮೇಲೆ ಅನ್ನಕ್ ಎಷ್ಟ್ ನೀರ್, ಬೇಳೆ ಎಷ್ಟ್ ಹೊತ್ತ್ ಬೇಯ್ಕ್, ಎಲ್ಲ ಅದ್ರಲ್ಲೇ ಇತ್ತ್."

ಅವನು ಒಳಗೆ ಹೋದ. ಪಾತ್ರೆ ಸರಿಸುವ, ಯಾರನ್ನೋ ಗದರುವ ಸದ್ದು ಕೇಳಿತು. ಹತ್ತು ನಿಮಿಷದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ, ಎಣ್ಣೆ ಕಲೆಯ ಒಂದು ನೋಟುಬುಕ್ಕು ತಂದು ಮೇಜಿನ ಮೇಲಿಟ್ಟ. ರವೆ, ಹೆಸರುಬೇಳೆ, ಸೀಮೆಎಣ್ಣೆಯ ಪಟ್ಟಿಗಳನ್ನು ದಾಟಿ ಒಂದು ಪುಟ ತೆರೆದ. ಅಲ್ಲಿ ಪೆನ್ಸಿಲಿನಲ್ಲಿ, ಸೊಟ್ಟಸೊಟ್ಟಾಗಿ ಬರೆದ ಐದು ಸಾಲು, ಒಂದೊಂದು ಕೋಲು ಎಷ್ಟು ಹೊರಗಿತ್ತು ಎಂದು. ಎಲ್ಲ ಕನ್ನಡ ಅಂಕಿ. ಐದನೇ ಕ್ಲಾಸಿನವರೆಗೆ ಓದಿದ್ದ ಶೀನನಿಗೆ ಬರುತ್ತಿದ್ದದ್ದು ಅವೇ.

ತನುಶ್ರೀ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿ, ಸೋತು ಹಿಂದಕ್ಕೆ ಕೊಟ್ಟಳು. "ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಅಂಕಲ್. ಕನ್ನಡ ನಂಬರ್ಸ್ ಕನ್‌ಫ್ಯೂಸ್ ಆಗತ್ತೆ. ನೀವು ಓದಿ, ನಾನು ಟೈಪ್ ಆಗಿರೋ ಶೀಟಲ್ಲಿ ಟಿಕ್ ಮಾಡ್ತೀನಿ."

ಶಿವನಂಜಪ್ಪನವರು ಕನ್ನಡಕ ಒರೆಸಿ ಹಾಕಿಕೊಂಡರು. "ಹನ್ನೊಂದನೇ ಕೋಲು. ನೂರಾ ತೊಂಬತ್ತಾರು."

"ಶೀಟಲ್ಲಿ ನೂರಾ ಅರವತ್ತೊಂಬತ್ತು ಅಂತಿದೆ."

ಅವರು ಮತ್ತೊಮ್ಮೆ ನೋಡಿದರು. ೧೯೬. ಸಂಶಯವೇ ಇರಲಿಲ್ಲ. "ಇರಲಿ, ಮುಂದಿನದು. ಹನ್ನೆರಡು. ನೂರಾ ತೊಂಬತ್ತು."

"ನೂರಾ ಅರವತ್ತು ಇದೆ."

"ಹದಿಮೂರು. ನೂರಾ ಅರವತ್ತೊಂಬತ್ತು."

"ಇಲ್ಲಿ ನೂರಾ ತೊಂಬತ್ತಾರು!" ತನುಶ್ರೀ ಪೆನ್ನು ಕೆಳಗಿಟ್ಟು ಎದ್ದು ಅವರ ಪಕ್ಕಕ್ಕೆ ಬಂದಳು. ಅವರು ಬೆರಳಿಟ್ಟ ಅಂಕಿಯನ್ನು ಬಗ್ಗಿ ನೋಡಿದಳು. "ಇದು ಯಾವುದು ಅಂಕಲ್?"

"ಒಂಬತ್ತು."

"ನನ್ನ ಕಣ್ಣಿಗೂ ಅದು ಇಂಗ್ಲಿಷ್ ಸಿಕ್ಸ್ ಥರಾನೇ ಕಾಣ್ತಿದೆ." ಅವಳ ದನಿ ಏರಿತು. "ಟೈಪ್ ಮಾಡಿದವರಿಗೂ ಹಾಗೇ ಕಂಡಿದೆ. ಇದು ಆರು ಅಂದ್ಕೊಂಡ್ರೆ, ಉಳಿದಿದ್ದು ಒಂಬತ್ತು ಆಗ್ಲೇಬೇಕಲ್ಲ. ಎಲ್ಲಾ ಕಡೆ ಆರು ಒಂಬತ್ತಾಗಿದೆ, ಒಂಬತ್ತು ಆರಾಗಿದೆ!"

"ಆಪೀಸಲ್ ಟೈಪ್ ಮಾಡ್ತಿದ್ದವ್ರಿಗೆ ನಾ ಓದಿ ಹೇಳ್ತೆ ಅಂದೆ ಸಾರ್," ಎಂದ ಶೀನ. "ಪರವಾಯಿಲ್ಲೈ, ಪುರಿಯುದು ಅಂದ್ರ್. ಅರ್ಥ ಆತ್ತ್ ಅಂದ್ಮೇಲೆ ನಾ ಎಂತ ಹೇಳೂದ್?"

ಉಳಿದ ಎರಡನ್ನೂ ಓದಿದರು. ಹದಿನಾಲ್ಕು, ೧೬೧. ಹದಿನೈದು, ೯೬. ಜುಲೈ ತಿಂಗಳಲ್ಲಿ ಶಿವನಂಜಪ್ಪನವರೇ ಅಳೆದ ಅಂಕಿಗಳು ತನುಶ್ರೀಯ ಬಳಿ ಇದ್ದವು. ಅವಳು ಬಿಲ್ಲಿನ ಹಾಳೆಯ ಹಿಂಭಾಗದಲ್ಲಿ ಒಂದೊಂದಾಗಿ ಕಳೆದಳು. ನೂರಾ ಹದಿನಾರು. ನೂರಾ ಆರು. ತೊಂಬತ್ನಾಲ್ಕು. ಎಂಬತ್ಮೂರು. ಎಪ್ಪತ್ನಾಲ್ಕು. ಮೇಲೆ ಹೋದಂತೆ ಒಂದೊಂದು ಹೆಜ್ಜೆ ಇಳಿಯುತ್ತ, ಉಳಿದ ಹತ್ತು ವರ್ಷದಂತೆಯೇ. ಎಲ್ಲೂ ಒಂದು ಮೆಟ್ಟಿಲೂ ತಪ್ಪಿರಲಿಲ್ಲ.

ಶಿವನಂಜಪ್ಪನವರು ಆ ಐದು ಸಂಖ್ಯೆಗಳನ್ನು ನೋಡುತ್ತ ಕೂತರು. ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

"ನೀನು ಬಂಡೆ ಮರೇಲಿ ಕೂತು ಬರೆದೆ ಅಂದ್ಕೊಂಡಿದ್ದೆ ಶೀನ. ಇಷ್ಟು ವರ್ಷ. ತಪ್ಪಾಯ್ತು."

ಶೀನ ಟವೆಲಿನಿಂದ ಮೇಜು ಒರೆಸತೊಡಗಿದ. ಮೇಜು ಚೊಕ್ಕಟವಾಗೇ ಇತ್ತು.

"ನಾ ಎಂತೆಂತದೋ ಆಲೋಚ್ನೆ ಮಾಡಿದ್ದೆ ಸಾರ್. ಸಾಂಬಾರಿಗೆ ಉಪ್ಪು ಜಾಸ್ತಿ ಆಯ್ತಾ, ಮಾತಲ್ ಎಲ್ಲಾದ್ರೂ ತಪ್ಪಿದ್ನಾ ಅಂದೇಳಿ. ಇದೊಂದ್ ಮಾತ್ರ ತಲೆಗ್ ಹೋಯಿಲ್ಲೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದ: "ಕೀಲ್ಪಾಕ್ ಎಂತ ದೂರ ಸಾರ್ ಇಲ್ಲಿಂದ? ಒಂದ್ ಸಲಿ ಬಂದ್ ಕೇಳುಕ್ ಆಗ್ತಿತ್ತಲೆ."

"ಆಗ್ತಿತ್ತು," ಎಂದರು ಶಿವನಂಜಪ್ಪ. "ಧೈರ್ಯ ಸಾಲಲಿಲ್ಲ."

ಶೀನ ತಣ್ಣಗಾಗಿದ್ದ ಕಾಫಿ ತೆಗೆದುಕೊಂಡು ಹೋಗಿ, ತಾನೇ ಬಿಸಿ ಕಾಫಿ ತಂದು ಅವರ ಮುಂದಿಟ್ಟ. ಶಿವನಂಜಪ್ಪನವರು ಅದನ್ನು ಕೊನೆಯ ಗುಟುಕಿನವರೆಗೂ ಕುಡಿದರು.

ತನುಶ್ರೀ ಪುಟದ ಫೋಟೊ ತೆಗೆದು, ಹೊರಗೆ ಹೋಗಿ ಸಹೋದ್ಯೋಗಿ ವರುಣ್‌ಗೆ ಫೋನಿನಲ್ಲಿ ಎಲ್ಲ ವಿವರಿಸಿ ಬಂದಳು. ಮುಖವೆಲ್ಲ ಬೆವರು, ನಗು. "ಹನ್ನೊಂದು ವರ್ಷವೂ ಉಳ್ಕೊಳ್ತು ಅಂಕಲ್. ಆದ್ರೆ ಆ ಐದು ರೀಡಿಂಗ್ ಯಾರು ತಗೊಂಡ್ರು ಅಂತ ಪೇಪರಲ್ಲಿ ಇರೋದು ಇದ್ದಂಗೆ ಬರೀಬೇಕು. ನಿಮ್ಮ ಸಹಿ ವಿಷಯಾನೂ ಬರತ್ತೆ."

"ಬರಿ ತಾಯಿ. ಅದೂ ಒಂದು ಭಾರ ಇಳೀಲಿ."

"ಶೀನ ಅವ್ರೇ, ನಿಮ್ಮ ಪೂರ್ತಿ ಹೆಸರು ಹೇಳಿ. ಇನಿಷಿಯಲ್ ಸಮೇತ."

"ನನ್ ಹೆಸ್ರಾ? ಎಂತಕೆ?" ಎಂದು ಶೀನ ಗಾಬರಿಯಾದ. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ವೀಕ್ಷಾ ಎದ್ದು ಬಂದು ಅಕ್ಷರ ಅಕ್ಷರ ಹೇಳಿಕೊಟ್ಟಳು, ತನುಶ್ರೀ ತಪ್ಪಿಲ್ಲದೆ ಬರೆದಿದ್ದಾಳೆಯೇ ಎಂದು ಬಗ್ಗಿಯೂ ನೋಡಿದಳು.

ಆಮೇಲೆ ಶೀನ ಕೇಳಿದ: "ನಾವ್ ಒಲೆ ಹೂಡ್ತಿದ್ ಜಾಗ ಈಗಳ್ ಹ್ಯಾಂಗಿತ್ತ್ ಅಮ್ಮ?"

ತನುಶ್ರೀ ಫೋನಿನಲ್ಲಿ ಹೋದ ವರ್ಷದ ಚಿತ್ರ ತೋರಿಸಿದಳು. ಡೇರೆ ಹಾಕುತ್ತಿದ್ದ ಕಡೆ ಬೂದು ಬಣ್ಣದ ನೀರಿನ ಒಂದು ಕೆರೆ. ಹಿಮನದಿಯ ಮೂತಿ ಒಂದೂಕಾಲು ಕಿಲೋಮೀಟರ್ ಹಿಂದಕ್ಕೆ ಸರಿದಿತ್ತು. ಹನ್ನೊಂದನೇ ಕೋಲು ಇದ್ದ ಜಾಗದಲ್ಲಿ ಕಲ್ಲಿನ ರಾಶಿ. ಗಂಡಸರಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದರು.

"ಹದಿನೈದರ ಹತ್ರ?" ಎಂದು ಶಿವನಂಜಪ್ಪ ಕೇಳಿದರು.

"ಅಲ್ಲಿ ಇನ್ನೂ ಇದೆ ಅಂಕಲ್. ತೆಳ್ಳಗಾಗಿದೆ, ಆದ್ರೆ ಇದೆ. ಹೋದ ವರ್ಷ ಅಲ್ಲೇ ನಾವು ಹೊಸ ಕೋಲು ನೆಟ್ಟಿದ್ದು."

ಊಟದವರು ಬರತೊಡಗಿದರು. ಶೀನ ಎದ್ದು, "ಉಂಡ್ಕಂಡೇ ಹೋಯ್ಕ್, ಹಾಂಗೇ ಬಿಡೂದಿಲ್ಲೆ," ಎಂದು ಕೂಗುತ್ತಲೇ ಒಳಗೆ ಓಡಿದ. ಶಿವನಂಜಪ್ಪನವರು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದರು. ಗಲ್ಲಿಯ ಗದ್ದಲದಲ್ಲಿ ಸುಗುಣಾಗೆ ಕೇಳಿಸಲಿಲ್ಲ. ಅವರು ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಹೇಳಿದರು:

"ಹೋಗಿದ್ದ ಕಣೆ! ಐದಕ್ಕೂ ಹೋಗಿದ್ದ!"

ಆಚೆಯಿಂದ ಸುಗುಣಾ ನಿಟ್ಟುಸಿರು ಬಿಟ್ಟದ್ದು ಅಷ್ಟು ಗದ್ದಲದಲ್ಲೂ ಅವರಿಗೆ ಕೇಳಿಸಿತು.